ಪಾತ್ರವೈವಿಧ್ಯ ಮತ್ತು ನಾಯಕಬಿಂಬ: ರಾಜ್‌ಕುಮಾರ್ ಚಿತ್ರಗಳನ್ನು ಕುರಿತು

ರಾಜ್‌ಕುಮಾರ್ ಅವರ ಅಭಿನಯವನ್ನು ಕುರಿತಂತೆ ಎರಡು ವಿರುದ್ಧ ಅಭಿಪ್ರಾಯಗಳು ಪ್ರಚಲಿತವಾಗಿವೆ. ಅವರು ಮಾಡದ ಪಾತ್ರವೇ ಇಲ್ಲ ಎಂಬುದು ಅಭಿಮಾನದ ಮಾತು. ಯಾವ ವೇಷ ಹಾಕಿದರೂ ಅವರು ಆದರ್ಶ ಪುರುಷನೇ ಎಂಬುದು ಆಕ್ಷೇಪದ ಮಾತು. ಮೊದಲನೆಯದು ಪಾತ್ರದ ವೇಷ, ಕಾಲ, ವೃತ್ತಿಗಳನ್ನು ಲಕ್ಷಿಸಿದರೆ, ಎರಡನೆಯದು ಅದರ ನೈತಿಕ ನಿಲುವನ್ನು ಲಕ್ಷಿಸುತ್ತದೆ. ಈ ಏಕರೂಪತೆ ನಟನ ಮಿತಿಯೋ ಅಥವಾ ಚಿತ್ರಪ್ರಕಾರದ ನಿರ್ಬಂಧವೋ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೇಷದ ದೃಷ್ಟಿಯಿಂದ ವೈವಿಧ್ಯವು ನಿರ್ವಿವಾದ. 'ಬೇಡರ ಕಣ್ಣಪ್ಪ'ದ (1954) ಬೇಡ, 'ರಣಧೀರ ಕಂಠೀರವ'ದ (1960) ಅರಸ, 'ಜೇಡರ ಬಲೆ'ಯ (1968) ಪತ್ತೇದಾರ, 'ಗಂಧದ ಗುಡಿ'ಯ (1973) ಅರಣ್ಯಾಧಿಕಾರಿ, 'ಸನಾದಿ ಅಪ್ಪಣ್ಣ'ದ (1977) ವಾದಕ ಇವರೆಲ್ಲ ಬೇರೆ ಬೇರೆ ಲೋಕಗಳಿಗೆ ಸೇರಿದವರು. ಆದರೆ ಎಪ್ಪತ್ತರ ದಶಕದ ಸಾಮಾಜಿಕ ಚಿತ್ರಗಳಲ್ಲಿ ತ್ಯಾಗವೇ ನಾಯಕನ ಸ್ಥಾಯಿಗುಣವಾಗುತ್ತದೆ. ಆಕ್ಷೇಪಕ್ಕೆ ಮುಖ್ಯ ಆಧಾರವೂ ಇಲ್ಲಿಯೇ ಇದೆ.

ಹಾಗಿದ್ದರೂ ಒಂದೇ ಗುಣವನ್ನುಳ್ಳ ಪಾತ್ರಗಳು ಒಂದೇ ಪಾತ್ರವಾಗುವುದಿಲ್ಲ. 'ಕಸ್ತೂರಿ ನಿವಾಸ'ದ (1971) ನಾಯಕನಿಗೆ ಕೊಡುವುದು ಕುಲದ ಪ್ರತಿಷ್ಠೆ; ಕೊಡಲು ಏನೂ ಉಳಿಯದಾಗ ಅವನು ಬದುಕಿಯೂ ಉಳಿಯಲಾರ. ಇಲ್ಲಿ ಔದಾರ್ಯವು ಹಠಕ್ಕೆ ತಿರುಗಿದೆ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿದ 'ಬಂಗಾರದ ಮನುಷ್ಯ'ದ (1972) ರಾಜೀವನಾದರೋ ತಾನು ಕಟ್ಟಿದ ಬದುಕಿನಲ್ಲಿಯೇ ಅವಮಾನಿತನಾಗಿ, ಸಮರ್ಥನೆಗೆ ಇಳಿಯದೆ ಊರು ಬಿಟ್ಟು ನಡೆಯುತ್ತಾನೆ. ಮೊದಲನೆಯವನಿಗೆ ಬಿಡಲು ಬಾರದು. ಎರಡನೆಯವನು ಬಿಟ್ಟೇ ಗೆಲ್ಲುತ್ತಾನೆ.

ಏಕರೂಪತೆಯ ವಾದಕ್ಕೆ ಹೆಚ್ಚಿನ ತೊಡಕನ್ನು ಒಡ್ಡುವುದು ಪೌರಾಣಿಕ ಚಿತ್ರಗಳು. 'ಭೂಕೈಲಾಸ'ದಲ್ಲಿ (1958) ರಾವಣನನ್ನೂ 'ಮಹಿಷಾಸುರ ಮರ್ದಿನಿ'ಯಲ್ಲಿ (1959) ಮಹಿಷಾಸುರನನ್ನೂ ನಿರ್ವಹಿಸಿದ ಈ ನಟ, ಆದರ್ಶ ಪುರುಷನ ಬಿಂಬ ಗಟ್ಟಿಗೊಂಡ ಬಳಿಕವೂ 'ಭಕ್ತ ಪ್ರಹ್ಲಾದ'ದಲ್ಲಿ (1983) ಹಿರಣ್ಯಕಶಿಪುವಾದರು. ಮಗನನ್ನೇ ಕೊಲ್ಲಿಸಲು ಹೊರಟ ತಂದೆಯ ಪಾತ್ರವದು. ಇದನ್ನು ಪ್ರೇಕ್ಷಕರು ಒಪ್ಪಿದ್ದು ಹೇಗೆ? ಉತ್ತರವು ರಂಗಪರಂಪರೆಯಲ್ಲಿದೆ. ಯಕ್ಷಗಾನದ ಬಣ್ಣದ ವೇಷದಲ್ಲಾಗಲಿ ಕಂಪನಿ ನಾಟಕಗಳಲ್ಲಾಗಲಿ ರಾಕ್ಷಸಪಾತ್ರವು ಕಲಾವಿದನ ಘನತೆಗೆ ಕುಂದು ತರುವಂಥದಲ್ಲ. ಅದು ಅವನ ಶಕ್ತಿಯ ಒರೆಗಲ್ಲು. ಕಥೆಯ ಅಂತ್ಯ ಎಲ್ಲರಿಗೂ ಮೊದಲೇ ತಿಳಿದಿರುವುದರಿಂದ ಪಾತ್ರದ ಕ್ರೌರ್ಯ ನಟನಿಗೆ ಅಂಟಿಕೊಳ್ಳುವುದಿಲ್ಲ. ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದ ರಾಜ್‌ಕುಮಾರ್ ಅವರಿಗೆ ಈ ಪರಂಪರೆ ಸಹಜವಾಗಿಯೇ ಒದಗಿತ್ತು.

ಸಾಮಾಜಿಕ ಚಿತ್ರಕ್ಕೆ ಅಂಥ ಚೌಕಟ್ಟಿನ ರಕ್ಷಣೆ ಇರಲಿಲ್ಲ. ಅಲ್ಲಿಯ ನಾಯಕನು ನೆರೆಮನೆಯವನಂತೆ ಕಾಣುವುದರಿಂದ ಅವನ ತಪ್ಪು ನಟನ ತಪ್ಪೇ ಆಗಿಬಿಡುವ ಭಯವಿತ್ತು. 'ದಾರಿ ತಪ್ಪಿದ ಮಗ'ದ (1975) ದ್ವಿಪಾತ್ರವನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಅಲ್ಲಿ ಕೆಡುಕು ನಾಯಕನ ಒಳಗೆ ಹುಟ್ಟುವುದಿಲ್ಲ. ಅವನದೇ ಮುಖವುಳ್ಳ ಇನ್ನೊಬ್ಬನಲ್ಲಿ ನೆಲೆಸುತ್ತದೆ. ಒಬ್ಬನೇ ಮನುಷ್ಯನ ದ್ವಂದ್ವವನ್ನು ಇಬ್ಬರಿಗೆ ಹಂಚಿ ಬಿಂಬವನ್ನು ಕಾಪಾಡಲಾಗಿದೆ.

ಆದ್ದರಿಂದ ಪಾತ್ರಗಳ ಏಕರೂಪತೆಯನ್ನು ನಟನ ಪ್ರತಿಭೆಯ ಮಿತಿಯೆಂದು ಭಾವಿಸುವುದು ಸಮಂಜಸವಲ್ಲ. ಪುರಾಣದಲ್ಲಿ ಹಿರಣ್ಯಕಶಿಪುವನ್ನು ಮೆಚ್ಚಿದ ಪ್ರೇಕ್ಷಕ ಸಮುದಾಯವೇ ಸಮಕಾಲೀನ ಬದುಕಿನ ಕಥೆಯಲ್ಲಿ ಅದೇ ನಟನಿಂದ ನಿಷ್ಕಳಂಕ ನಡತೆಯನ್ನು ಬಯಸಿತು. ಮೆಚ್ಚಿನ ನಟನನ್ನು ಒಂದೇ ಬಗೆಯ ಪಾತ್ರಕ್ಕೆ ಕಟ್ಟಿಹಾಕುವಲ್ಲಿ ಆ ಮೆಚ್ಚುಗೆಯ ಪಾಲೂ ಇದೆ ಎಂಬುದನ್ನು ಕನ್ನಡ ಚಿತ್ರವಿಮರ್ಶೆ ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕಾಗಿದೆ.