ಕೊಲಾಬಾದ ಪುಟ್ಟ ಹೋಟೆಲಿಗೆ ಹೊರಟವಳಿಗೆ

ಸಂಧ್ಯಾ, ಗಂಡ ಹೆಂಡತಿ ಇಬ್ಬರೂ ಮುಂಬೈಗೆ ಹೋಗಿ ಕೊಲಾಬಾದ ಹಳೇ ಕಟ್ಟಡದಲ್ಲಿರುವ ಬುಟಿಕ್ ಹೋಟೆಲಿನಲ್ಲಿ ಉಳಿಯುತ್ತೀರಂತೆ. ಕೇಳಿ ಬಹಳ ಖುಷಿಯಾಯ್ತು. ದುಡ್ಡು ದಂಡವಾಯ್ತೇನೋ ಅಂತ ಕೊರಗಬೇಡ ಮಗಳೇ, ಮನಸಾರೆ ಹೋಗಿ ಬನ್ನಿ.

ಆದರೆ ಫೋಟೊ ನೋಡಿ ಬುಕ್ ಮಾಡಿ ಸುಮ್ಮನಾಗಬೇಡ. ದೊಡ್ಡ ಹೋಟೆಲಿನಲ್ಲಿ ಎಲ್ಲ ರೂಮೂ ಹೆಚ್ಚುಕಡಿಮೆ ಒಂದೇ ಥರ. ಇಲ್ಲಿ ಹಾಗಲ್ಲ, ಒಂದು ವಿಶಾಲ, ಪಕ್ಕದ್ದು ಇಕ್ಕಟ್ಟು. ನೇರ ಫೋನ್ ಮಾಡಿ ಕೇಳು: ಎಷ್ಟನೇ ಮಹಡಿ, ಲಿಫ್ಟ್ ಉಂಟೇ, ಬಾತ್‌ರೂಮ್ ರೂಮಿನೊಳಗೇ ಇದೆಯೇ, ಕಿಟಕಿ ಯಾವ ಕಡೆಗೆ? ಕೊಲಾಬಾ ಕಾಸ್‌ವೇ ರಸ್ತೆಗೆ ತೆರೆಯುವ ಕಿಟಕಿ ಹಗಲು ನೋಡಲು ಬಲು ಚೆಂದ, ರಾತ್ರಿ ಮಾತ್ರ ಹಾರ್ನ್ ನಿಲ್ಲುವುದಿಲ್ಲ. ನಿನ್ನ ಗಂಡನದು ಮೊದಲೇ ಕೋಳಿನಿದ್ದೆ, ಹಿಂಬದಿಯ ರೂಮನ್ನೇ ಕೇಳು. ಕೇಳಲು ಸಂಕೋಚ ಯಾಕೆ? ರೂಮು ಕಡಿಮೆ ಇರುವ ಕಡೆ ಫೋನ್ ಎತ್ತುವವರಿಗೆ ಒಂದೊಂದು ರೂಮಿನ ಗುಣವೂ ಗೊತ್ತಿರುತ್ತದೆ.

ಬಾಡಿಗೆ ಲೆಕ್ಕವನ್ನೂ ನೋಡಿಕೋ. ದಿನಕ್ಕೆ 7,500 ರೂಪಾಯಿವರೆಗೆ ಜಿಎಸ್‌ಟಿ ಶೇ. 5, ಅದು ದಾಟಿತೋ ಶೇ. 18. 7,400ರ ರೂಮು ತೆರಿಗೆ ಸೇರಿ 7,770 ಆದರೆ, 7,600ರದ್ದು 8,968. ಬರೀ ಇನ್ನೂರರ ವ್ಯತ್ಯಾಸಕ್ಕೆ ಸುಮಾರು ಸಾವಿರದಿನ್ನೂರು ಹೆಚ್ಚು! ಊಟದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಯಿರಿ ಅನ್ನು. ಅದು ಕಡ್ಡಾಯವಲ್ಲ ಅಂತ 2022ರಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ. ಆ ದುಡ್ಡನ್ನು ರೂಮು ಗುಡಿಸಿ, ಹಾಸಿಗೆ ಸರಿಮಾಡಿದವರ ಕೈಗೇ ಕೊಡು. ಅವರ ಹೆಸರು ಕೇಳು, ನಾಲ್ಕು ಮಾತಾಡು. ಇಂಥ ಜಾಗದ ನಿಜವಾದ ಸೊಗಸು ಸೋಫಾ-ಪರದೆಗಳಲ್ಲಿಲ್ಲ, ನಿನ್ನನ್ನು ಗುರುತಿಟ್ಟುಕೊಳ್ಳುವ ಆ ಜನರಲ್ಲಿದೆ.

ಹಳೇ ಕಟ್ಟಡದಲ್ಲಿ ಮರದ ಮೆಟ್ಟಿಲು, ಮರದ ನೆಲ ಇರಬಹುದು. ರಾತ್ರಿ ತಡವಾಗಿ ಬಂದರೆ ಸೂಟ್‌ಕೇಸ್ ಎಳೆಯದೆ ಎತ್ತಿಕೊಂಡು ಹೋಗಿ. ಕೆಳಗೆ ಮಲಗಿದವರಿಗೆ ಆ ಚಕ್ರದ ಸದ್ದು ತಲೆಯ ಮೇಲೇ ಉರುಳಿದಂತೆ ಕೇಳಿಸುತ್ತದೆ.

ದಿನವಿಡೀ ರೂಮಿನಲ್ಲೇ ಕೂತಿರಬೇಡಿ. ಬೆಳಿಗ್ಗೆ ಬಿಸಿಲೇರುವ ಮೊದಲು ಓವಲ್ ಮೈದಾನದ ತನಕ ನಡೆಯಿರಿ. ಒಂದು ಬದಿಗೆ ಹೈಕೋರ್ಟು, ರಾಜಾಬಾಯಿ ಗೋಪುರ. ಎದುರು ಬದಿಗೆ 1930ರ ದಶಕದ ಆರ್ಟ್ ಡೆಕೊ ಮನೆಗಳ ಸಾಲು. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಈ ಎರಡೂ ಬದಿಯ ಕಟ್ಟಡಗಳು. ಹೋಟೆಲಿನ ತಿಂಡಿ ಬಾಡಿಗೆಯಲ್ಲೇ ಸೇರಿದ್ದರೂ ಒಂದು ದಿನ ಅದನ್ನು ಬಿಟ್ಟು ಮಾಟುಂಗಕ್ಕೆ ಹೋಗಿ, ನಮ್ಮ ಉಡುಪಿಯವರ ಹೋಟೆಲಿನಲ್ಲಿ ಇಡ್ಲಿ ತಿನ್ನಿ. ಭಾನುವಾರವಾದರೆ ಬೇಗ ಹೊರಡಿ, ಸಾಲು ಉದ್ದ ಇರುತ್ತದೆ.