ಅಂತಸ್ತಿನ ಕೇಕಿಗೆ ಆಧಾರ ಮತ್ತು ಅದರ ಸುರಕ್ಷಿತ ಸಾಗಾಣಿಕೆ

ಮದುವೆಯ ಆರತಕ್ಷತೆ, ಹುಟ್ಟುಹಬ್ಬ ಮುಂತಾದ ಸಮಾರಂಭಗಳಲ್ಲಿ ಎರಡು ಮೂರು ಅಂತಸ್ತಿನ ಕೇಕ್ ಕತ್ತರಿಸುವ ರೂಢಿ ಈಗ ಹಳ್ಳಿಗಳಿಗೂ ಬಂದಿದೆ. ಬೇಕರಿ ತರಬೇತಿ ಪಡೆದ ರೈತ ಮಹಿಳೆಯರಿಗೂ, ಸ್ವಸಹಾಯ ಸಂಘಗಳ ಸದಸ್ಯೆಯರಿಗೂ ಕೇಕ್ ತಯಾರಿಕೆ ಒಂದು ಉತ್ತಮ ಉಪಕಸುಬು. ಮನೆಯಲ್ಲಿ ಉತ್ಪಾದನೆಯಾಗುವ ಮೊಟ್ಟೆ, ಬೆಣ್ಣೆಗಳಿಗೂ ಇದರಿಂದ ಹೆಚ್ಚಿನ ಬೆಲೆ ದೊರೆಯುತ್ತದೆ. ಆದರೆ ಕೇಕ್ ಬೇಯಿಸುವುದನ್ನು ಚೆನ್ನಾಗಿ ಕಲಿತವರಲ್ಲಿಯೂ ಅದನ್ನು ಒಂದರ ಮೇಲೊಂದು ನಿಲ್ಲಿಸಿ, ಕೆಡದಂತೆ ಸಾಗಿಸುವ ಕ್ರಮ ತಿಳಿದವರು ಕಡಿಮೆ.

ಮೂರಂತಸ್ತಿನ ಒಂದು ಕೇಕಿಗೆ ಸುಮಾರು ಎರಡು ಡಜನ್ ಮೊಟ್ಟೆ ಹಾಗೂ ಎರಡು ದಿನಗಳ ದುಡಿಮೆ ಬೇಕಾಗುತ್ತದೆ. ಅದು ದಾರಿಯಲ್ಲಿ ಕುಸಿದರೆ ಹಾಕಿದ ಬಂಡವಾಳ ಹೋಗುವುದಷ್ಟೇ ಅಲ್ಲ, ಸಮಾರಂಭದ ವೇಳೆಗೆ ಬೇರೊಂದನ್ನು ಮಾಡಿಕೊಡಲು ಸಾಧ್ಯವೂ ಇಲ್ಲ. ಮದುವೆಯ ಮನೆಯವರಿಗೆ ನಿರಾಶೆ, ತಯಾರಿಸಿದವರಿಗೆ ಕೆಟ್ಟ ಹೆಸರು. ಈ ನಷ್ಟವನ್ನು ಕೆಲವು ಸುಲಭ ಕ್ರಮಗಳಿಂದ ತಪ್ಪಿಸಬಹುದು.

ಕೇಕ್ ಏಕೆ ಕುಸಿಯುತ್ತದೆ?

ಕೇಕ್ ಮೃದುವಾಗಿರುವುದು ಅದರೊಳಗಿನ ಗಾಳಿಯ ಗುಳ್ಳೆಗಳಿಂದ. ಆ ಮೃದುತ್ವವೇ ಭಾರ ಹೊರುವ ವಿಷಯದಲ್ಲಿ ದೌರ್ಬಲ್ಯವಾಗುತ್ತದೆ. ಉದಾಹರಣೆಗೆ, 25, 20 ಮತ್ತು 15 ಸೆಂ.ಮೀ. ವ್ಯಾಸದ, ತಲಾ 10 ಸೆಂ.ಮೀ. ಎತ್ತರದ ಮೂರು ಅಂತಸ್ತುಗಳನ್ನು ತೆಗೆದುಕೊಳ್ಳೋಣ. ಕ್ರೀಮು ಸೇರಿ ತಳದ ಅಂತಸ್ತು 2.5ರಿಂದ 3 ಕಿ.ಗ್ರಾಂ., ನಡುವಿನದು 1.5ರಿಂದ 2 ಕಿ.ಗ್ರಾಂ., ಮೇಲಿನದು ಸುಮಾರು 1 ಕಿ.ಗ್ರಾಂ. ತೂಗುತ್ತದೆ. ಅಂದರೆ ತಳದ ಕೇಕಿನ ಮೇಲೆ ಹತ್ತಿರ ಹತ್ತಿರ 3 ಕಿ.ಗ್ರಾಂ. ಭಾರ ಬೀಳುತ್ತದೆ. ನಿಂತಲ್ಲಿ ಹೇಗೋ ತಡೆದುಕೊಂಡ ಕೇಕ್, ವಾಹನದ ಕುಲುಕಾಟಕ್ಕೆ ಸಿಕ್ಕಾಗ ಕೆಳಗೆ ಅದುಮಿಕೊಂಡು ಪಕ್ಕಗಳಲ್ಲಿ ಉಬ್ಬಿ ಬಿರಿಯುತ್ತದೆ.

ಮನೆಯ ಅಟ್ಟದ ಮೇಲೆ ಎಷ್ಟೇ ಮೂಟೆ ಇಟ್ಟರೂ ಆ ಭಾರವನ್ನು ತೊಲೆ ಮತ್ತು ಕಂಬಗಳು ಹೊತ್ತು ನೆಲಕ್ಕೆ ಮುಟ್ಟಿಸುತ್ತವೆ. ಅಂತಸ್ತಿನ ಕೇಕಿನಲ್ಲಿಯೂ ಇದೇ ವ್ಯವಸ್ಥೆ ಇರಬೇಕು. ಮೇಲಿನ ಕೇಕಿನ ಭಾರವನ್ನು ಕೆಳಗಿನ ಕೇಕ್ ಹೊರಬಾರದು; ಒಳಗೆ ಊರಿದ ಕಡ್ಡಿಗಳು ಹೊತ್ತು ತಳದ ಹಲಗೆಗೆ ಮುಟ್ಟಿಸಬೇಕು. ಇದೇ ಈ ಕೆಲಸದ ಮೂಲತತ್ವ.

ಬೇಕಾಗುವ ಸಾಮಗ್ರಿಗಳು

1. ತಳದ ಹಲಗೆ: ಒತ್ತಿದ ರಟ್ಟಿನಿಂದ ಮಾಡಿದ, ಸುಮಾರು 12 ಮಿ.ಮೀ. ದಪ್ಪದ ಗಟ್ಟಿ ಹಲಗೆ. ಇದು ತಳದ ಕೇಕಿಗಿಂತ 8ರಿಂದ 10 ಸೆಂ.ಮೀ. ಅಗಲವಾಗಿರಬೇಕು. ಎತ್ತಿದಾಗ ಬಾಗುವ ಹಲಗೆ ಉಪಯೋಗಕ್ಕೆ ಬಾರದು.

2. ಪ್ರತಿ ಅಂತಸ್ತಿನ ಅಡಿಗೆ ಆಯಾ ಕೇಕಿನಷ್ಟೇ ಅಳತೆಯ ತೆಳು ಕೇಕ್ ಬೋರ್ಡು. ನಡುವಿನ ಕಡ್ಡಿಗಾಗಿ ಇವುಗಳ ಮಧ್ಯದಲ್ಲಿ ಮೊದಲೇ ರಂಧ್ರ ಮಾಡಿಟ್ಟುಕೊಳ್ಳಬೇಕು.

3. ಆಧಾರ ಕಡ್ಡಿಗಳು: ಬೇಕರಿಯವರು ಡವೆಲ್ ಎಂದು ಕರೆಯುವ, ಸುಮಾರು 6 ಮಿ.ಮೀ. ದಪ್ಪದ ಮರದ ಕಡ್ಡಿಗಳು, ಅಥವಾ ಆಹಾರಕ್ಕೆಂದೇ ತಯಾರಿಸಿದ ಪ್ಲಾಸ್ಟಿಕ್ ಕೊಳವೆಗಳು. ನೀರಿನ ಪೈಪಿನ ತುಂಡು, ಬಣ್ಣ ಬಳಿದ ಕೋಲು ಇವುಗಳನ್ನು ಬಳಸಬಾರದು. ಹಲ್ಲುಕಡ್ಡಿಗಳು ಕೇಕಿನಲ್ಲಿ ಕಾಣದೆ ಉಳಿದು ತಿನ್ನುವವರ ಗಂಟಲಿಗೆ ಅಪಾಯ ತರುವುದರಿಂದ ಅವೂ ಕೂಡದು.

4. ಗಾರೆ ಕೆಲಸದವರು ಬಳಸುವಂತಹ ಚಿಕ್ಕ ರಸಮಟ್ಟ. ಇದನ್ನು ಕೇಕಿನ ಕೆಲಸಕ್ಕೆಂದೇ ಬೇರೆ ಇಟ್ಟುಕೊಂಡು, ಶುಭ್ರಗೊಳಿಸಿ ಬಳಸಬೇಕು.

ಜೋಡಿಸುವ ಕ್ರಮ

ಪ್ರತಿ ಕೇಕಿನ ಮೇಲ್ಭಾಗದ ಉಬ್ಬನ್ನು ಕತ್ತರಿಸಿ ಸಮ ಮಾಡಬೇಕು. ತಳದ ಕೇಕ್ ವಾಲಿದರೆ ಮೇಲಿನವೆಲ್ಲ ವಾಲುತ್ತವೆ. ಕ್ರೀಮು ಹಚ್ಚಿದ ಅಂತಸ್ತುಗಳನ್ನು ಬೇರೆ ಬೇರೆಯಾಗಿ ರೆಫ್ರಿಜರೇಟರಿನಲ್ಲಿಟ್ಟು ಚೆನ್ನಾಗಿ ತಣಿಸಿದ ನಂತರವೇ ಜೋಡಿಸುವ ಕೆಲಸಕ್ಕೆ ಕೈ ಹಾಕಬೇಕು. ತಣಿದ ಬೆಣ್ಣೆ ಕ್ರೀಮು ಗಟ್ಟಿಯಾಗಿ ಕೇಕನ್ನು ಹಿಡಿದಿಡುತ್ತದೆ.

ತಳದ ಕೇಕನ್ನು ಅದರ ಬೋರ್ಡಿನ ಸಮೇತ ಸ್ವಲ್ಪ ಕ್ರೀಮಿನಿಂದ ಹಲಗೆಯ ನಡುವೆ ಅಂಟಿಸಬೇಕು. ಅದರ ಮೇಲೆ 20 ಸೆಂ.ಮೀ. ಬೋರ್ಡನ್ನು ಮೆಲ್ಲಗೆ ಒತ್ತಿ ಗುರುತು ಮಾಡಿ, ಆ ಗುರುತಿಗಿಂತ ಸುಮಾರು 2.5 ಸೆಂ.ಮೀ. ಒಳಗೆ, ಸಮಾನ ಅಂತರದಲ್ಲಿ 6 ಕಡ್ಡಿಗಳನ್ನು ನೇರವಾಗಿ ಊರಬೇಕು. ಒಂದು ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಕೇಕಿನ ಮೇಲ್ಮಟ್ಟಕ್ಕೆ ಗುರುತು ಹಾಕಿ ಹೊರತೆಗೆದು, ಉಳಿದೆಲ್ಲವನ್ನೂ ಅದೇ ಅಳತೆಗೆ ಕತ್ತರಿಸಬೇಕು. ಪ್ರತಿ ಕಡ್ಡಿಯನ್ನು ಬೇರೆ ಬೇರೆ ಅಳೆದು ಕತ್ತರಿಸುವುದು ತಪ್ಪು. ಒಂದು ಕಡ್ಡಿ 3 ಮಿ.ಮೀ. ಗಿಡ್ಡವಾದರೂ ಭಾರ ಉಳಿದವುಗಳ ಮೇಲೆ ಬಿದ್ದು, ಮೇಲಿನ ಕೇಕ್ ಗಿಡ್ಡ ಕಡ್ಡಿಯ ಕಡೆಗೆ ವಾಲುತ್ತದೆ. ಇದೇ ರೀತಿ ನಡುವಿನ ಅಂತಸ್ತಿನಲ್ಲಿ 4 ಕಡ್ಡಿಗಳನ್ನು ಊರಬೇಕು. ತುದಿಯ ಅಂತಸ್ತಿಗೆ ಕಡ್ಡಿ ಬೇಕಿಲ್ಲ.

ಊರಿದ ಕಡ್ಡಿಗಳು ಭಾರ ಹೊರುತ್ತವೆ, ಆದರೆ ಮೇಲಿನ ಕೇಕ್ ಪಕ್ಕಕ್ಕೆ ಜಾರುವುದನ್ನು ತಡೆಯಲಾರವು. ಆದುದರಿಂದ ಜೋಡಿಸಿಯೇ ಸಾಗಿಸುವ ಕೇಕಿನಲ್ಲಿ, ತುದಿ ಚೂಪು ಮಾಡಿದ ಒಂದು ಉದ್ದನೆಯ ಕಡ್ಡಿಯನ್ನು ಮೇಲಿನಿಂದ ಎಲ್ಲ ಬೋರ್ಡುಗಳ ರಂಧ್ರಗಳ ಮೂಲಕ ಇಳಿಸಿ, ತಳದ ಹಲಗೆಯಲ್ಲಿ ನಾಟುವಂತೆ ಮೆಲ್ಲನೆ ಬಡಿಯಬೇಕು. ಗಾಡಿಯ ಅಚ್ಚಿನಂತೆ ಇದು ಎಲ್ಲವನ್ನೂ ಒಂದೇ ಜಾಗದಲ್ಲಿ ಹಿಡಿದಿಡುತ್ತದೆ.

ಸಾಗಾಣಿಕೆಯಲ್ಲಿ ಎಚ್ಚರಿಕೆ

ದಾರಿ ದೂರವಾಗಿದ್ದರೆ ಅಥವಾ ಹಳ್ಳಕೊಳ್ಳಗಳಿಂದ ಕೂಡಿದ್ದರೆ, ಪ್ರತಿ ಅಂತಸ್ತನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿ ಒಯ್ದು ಸ್ಥಳದಲ್ಲಿಯೇ ಜೋಡಿಸುವುದು ಎಲ್ಲಕ್ಕಿಂತ ಉತ್ತಮ. ಕಡ್ಡಿಗಳನ್ನು ಮಾತ್ರ ಮನೆಯಲ್ಲಿಯೇ ಊರಿಕೊಂಡು ಹೋಗಬೇಕು.

ಪೆಟ್ಟಿಗೆಯ ಒಳ ಅಳತೆ ತಳದ ಹಲಗೆಗೆ ಸರಿಯಾಗಿದ್ದರೆ ಕೇಕ್ ಅತ್ತಿತ್ತ ಸರಿಯುವುದಿಲ್ಲ. ಕಾರಿನ ಆಸನ ಹಿಂದಕ್ಕೆ ಇಳಿಜಾರಾಗಿರುವುದರಿಂದ ಅಲ್ಲಿ ಕೇಕ್ ಇಡಬಾರದು; ತೊಡೆಯ ಮೇಲೂ ಇಟ್ಟುಕೊಳ್ಳಬಾರದು. ವಾಹನದ ಸಮತಟ್ಟಾದ ನೆಲದ ಮೇಲೆ ರಬ್ಬರ್ ಚಾಪೆ ಹಾಸಿ ಅದರ ಮೇಲೆ ಪೆಟ್ಟಿಗೆ ಇಡಬೇಕು. ದ್ವಿಚಕ್ರ ವಾಹನ ಈ ಕೆಲಸಕ್ಕೆ ಎಷ್ಟು ಮಾತ್ರಕ್ಕೂ ಸಲ್ಲದು. ಉಬ್ಬು, ತಿರುವುಗಳಲ್ಲಿ ನಿಧಾನವಾಗಿ ಸಾಗಬೇಕು. ಥಟ್ಟನೆ ಬ್ರೇಕ್ ಹಾಕುವುದೇ ಕೇಕಿಗೆ ಹೆಚ್ಚಿನ ಅಪಾಯ.

ಬಿಸಿಲಿನಲ್ಲಿ ನಿಂತ ಮುಚ್ಚಿದ ವಾಹನದ ಒಳಗಿನ ಉಷ್ಣತೆ ಹೊರಗಿಗಿಂತ ಬಹಳ ಹೆಚ್ಚಿರುತ್ತದೆ, ಬೆಣ್ಣೆಯಾದರೋ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗಿಹೋಗುತ್ತದೆ. ಆದುದರಿಂದ ಬೇಸಿಗೆಯಲ್ಲಿ ಮುಂಜಾನೆ ಅಥವಾ ಸಂಜೆಯ ಹೊತ್ತಿನಲ್ಲಿ ಸಾಗಿಸಬೇಕು. ಹವಾನಿಯಂತ್ರಣವಿರುವ ವಾಹನವಾದರೆ ಹೊರಡುವ ಕಾಲು ಗಂಟೆ ಮೊದಲೇ ಒಳಗನ್ನು ತಂಪು ಮಾಡಿಕೊಳ್ಳಬೇಕು. ತರಕಾರಿ ಬುಟ್ಟಿಗೆ ಹೊದಿಸುವಂತೆ ಒದ್ದೆ ಗೋಣಿಯನ್ನು ಹೊದಿಸಿದರೆ ರಟ್ಟು ನೆನೆದು ಪೆಟ್ಟಿಗೆಯೇ ಕುಸಿಯುತ್ತದೆ. ಫಾಂಡೆಂಟ್ ಎಂಬ ಸಕ್ಕರೆ ಹೊದಿಕೆಯ ಕೇಕನ್ನು ತಂಪಿನಿಂದ ತೆಗೆದ ಕೂಡಲೇ ತೆರೆದಿಟ್ಟರೆ ಅದು ಬೆವರಿ ಅಂಟಾಗುತ್ತದೆ. ಪೆಟ್ಟಿಗೆ ಮುಚ್ಚಿಯೇ ಇದ್ದು ನಿಧಾನವಾಗಿ ಹೊರಗಿನ ಉಷ್ಣತೆಗೆ ಬರಬೇಕು.

ಸ್ಥಳ ತಲುಪಿದ ನಂತರ

ಕೇಕ್ ಇಳಿಸುವ ಮೊದಲು ಮೇಜು ಅಲುಗಾಡುವುದೇ ಎಂದು ನೋಡಿ, ರಸಮಟ್ಟವಿಟ್ಟು ಪರೀಕ್ಷಿಸಬೇಕು. ಬಿಸಿಲು ಬೀಳುವ ಕಿಟಕಿ, ಪ್ರಖರ ದೀಪ, ಜನರ ಓಡಾಟದ ದಾರಿ ಇವುಗಳಿಂದ ಮೇಜು ದೂರವಿರಲಿ. ಪೆಟ್ಟಿಗೆಯನ್ನು ತಳಕ್ಕೆ ಎರಡೂ ಕೈ ಕೊಟ್ಟು, ಇಬ್ಬರು ಸೇರಿ ಎತ್ತಬೇಕು. ದಾರಿಯಲ್ಲಿ ಉಂಟಾದ ಚಿಕ್ಕಪುಟ್ಟ ಊನ ಸರಿಪಡಿಸಲು ಸ್ವಲ್ಪ ಕ್ರೀಮು, ಚಪ್ಪಟೆ ಚಾಕು ಮತ್ತು ನಾಲ್ಕಾರು ಹೆಚ್ಚುವರಿ ಕಡ್ಡಿಗಳನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಕ್ರೀಮಿನ ಕೇಕನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗೆ ಇಡಬಾರದು.

ಒಳಗೆ ಎಷ್ಟು ಕಡ್ಡಿಗಳಿವೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರಿಗೆ ಕೊಡಬೇಕು. ಹಂಚುವಾಗ ನಡುವಿನ ಕಡ್ಡಿ ತೆಗೆದು, ಮೇಲಿನಿಂದ ಒಂದೊಂದೇ ಅಂತಸ್ತನ್ನು ಬೋರ್ಡಿನ ಸಮೇತ ಇಳಿಸಿ, ಕಡ್ಡಿಗಳನ್ನು ಎಣಿಸಿ ಹೊರತೆಗೆದ ನಂತರವೇ ತುಂಡು ಮಾಡಬೇಕು. ಮಕ್ಕಳು ತಿನ್ನುವ ಪದಾರ್ಥವಾದ್ದರಿಂದ ಇದನ್ನು ಮರೆಯಬಾರದು.

ಹಲಗೆ, ಕಡ್ಡಿ, ಪೆಟ್ಟಿಗೆ ಹಾಗೂ ವಾಹನದ ಬಾಡಿಗೆಯನ್ನು ಕೇಕಿನ ಬೆಲೆಯಲ್ಲಿಯೇ ಸೇರಿಸಿಕೊಳ್ಳಬೇಕು. ಈ ಖರ್ಚನ್ನು ಉಳಿಸಹೋಗಿ ಇಡೀ ಕೇಕನ್ನೇ ಕಳೆದುಕೊಂಡರೆ ಲಾಭವಿಲ್ಲ. ಹೊಸದಾಗಿ ಕಲಿಯುವವರು ಮೊದಲು ಎರಡಂತಸ್ತಿನ ಕೇಕನ್ನು ಜೋಡಿಸಿ, ತಮ್ಮ ಊರಿನ ರಸ್ತೆಯಲ್ಲಿಯೇ ಒಂದು ಸುತ್ತು ಒಯ್ದು ತಂದು ನೋಡಬೇಕು. ಅದು ಅಲುಗದೆ ಮನೆಗೆ ಮರಳಿದ ನಂತರ ಮದುವೆಯ ಕೇಕನ್ನು ಧೈರ್ಯವಾಗಿ ಒಪ್ಪಿಕೊಳ್ಳಬಹುದು.