ಹೂ ಉದುರಿದ ಮೇಲಿನ ಗಿಡ

ಪುಟ್ಟಿ,

ನಿನ್ನೆ ಫೋನಿನಲ್ಲಿ "ಅಜ್ಜಿ, ಆ ಆರ್ಕಿಡ್ ಸತ್ತೇ ಹೋಯ್ತು, ಬಿಸಾಡ್ತೀನಿ" ಅಂದೆಯಲ್ಲ, ಆಗ ಒಂದು ಮಾತು ಕೇಳಲು ಮರೆತೆ. ಎಲೆ ಹೇಗಿದೆ? ದಪ್ಪಗೆ, ಹಸಿರಾಗಿ ಇದ್ದರೆ ಗಿಡ ಸತ್ತಿಲ್ಲ, ಹೂ ಮುಗಿದಿದೆ ಅಷ್ಟೇ. ಗೃಹಪ್ರವೇಶಕ್ಕೆ ಬಂದವರು ನಿನಗೆ ಕೊಟ್ಟದ್ದು ಫೆಲನಾಪ್ಸಿಸ್. ಎರಡು ಮೂರು ತಿಂಗಳು ಒಂದೇ ಸಮನೆ ಹೂ ಹೊತ್ತು ನಿಂತಿದ್ದು ಈಗ ಉಸ್ಸೆಂದು ಕೂತಿದೆ. ಬಾಣಂತಿಯನ್ನು ಯಾರಾದರೂ ಮನೆಯಿಂದ ಆಚೆ ಹಾಕುತ್ತಾರೆಯೇ?

ನಾನೇನೂ ಹುಟ್ಟಾ ಜಾಣೆಯಲ್ಲ. ನರ್ಸರಿಯಿಂದ ತಂದ ಮೊದಲ ಆರ್ಕಿಡ್ಡನ್ನು ದಾಸವಾಳದ ಹಾಗೆ ಸಾಕಲು ಹೋಗಿ ಕೊಂದವಳು. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ದಿನಕ್ಕೆರಡು ಚೊಂಬು ನೀರು. ಎಲೆ ಬಾಡಿದಾಗ ಬಾಯಾರಿಕೆ ಅಂದುಕೊಂಡು ಇನ್ನೊಂದು ಚೊಂಬು ಹೊಯ್ದೆ. ಕೊನೆಗೆ ಕಿತ್ತು ನೋಡಿದರೆ ಬೇರು ಗಂಜಿಯ ಹಾಗೆ ಮೆತ್ತಗಾಗಿತ್ತು. ಬೇರು ಕೊಳೆತರೂ ಎಲೆ ಬಾಡುತ್ತದೆ ಎಂದು ನನಗೆ ಗೊತ್ತಾದದ್ದು ಹಾಗೆ.

ಬುದ್ಧಿ ಬಂದದ್ದು ನಮ್ಮ ಅಂಗಳದ ಹಲಸಿನ ಮರ ನೋಡಿ. ಅದರ ಕವಲಿನಲ್ಲಿ ಕೂತ ಸೀತಾಳೆ ದಂಡೆ ನಿನಗೆ ನೆನಪಿದೆಯಲ್ಲ? ನಿನ್ನಮ್ಮ ಚಿಕ್ಕವಳಿದ್ದಾಗ ಅದರ ಗೊಂಚಲನ್ನೇ ಜಡೆಗೆ ಮುಡಿಸುತ್ತಿದ್ದೆ. ಅಸ್ಸಾಮಿನ ಹೆಣ್ಣುಮಕ್ಕಳು ಬಿಹು ಕುಣಿತಕ್ಕೆ ಮುಡಿಯುವುದೂ ಇದನ್ನೇ. ಅದು ಆ ರಾಜ್ಯದ ಹೂವು. ಅದೂ ಆರ್ಕಿಡ್ಡೇ ಕಣೆ. ಅದಕ್ಕೆ ಇಷ್ಟು ವರ್ಷದಲ್ಲಿ ಯಾರೂ ಒಂದು ಚೊಂಬು ನೀರು ಹಾಕಿಲ್ಲ. ಬಂದಳಿಕೆಯ ಹಾಗೆ ಮರದ ಸಾರ ಹೀರುವುದೂ ಇಲ್ಲ. ತೊಗಟೆ ಹಿಡಿದು ಕೂತು ಬೇರನ್ನು ಗಾಳಿಗೆ ಚಾಚುತ್ತದೆ. ಮಳೆ ಬಂದರೆ ನೆನೆಯುತ್ತದೆ, ನಿಂತರೆ ಬೇಗ ಆರುತ್ತದೆ. ನಿನ್ನ ಫೆಲನಾಪ್ಸಿಸ್ಸಿನ ಪೂರ್ವಿಕರೂ ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆಯ ಕಾಡುಗಳಲ್ಲಿ ಹೀಗೇ ಮರ ಏರಿ ಕೂತವರು. ಅದಕ್ಕೇ ಹೇಳುತ್ತೇನೆ: ಹೂ ನೋಡುವ ಮೊದಲು ಬೇರು ನೋಡಲು ಕಲಿ.

ಬೇರಿನ ಮೇಲೆ ಸ್ಪಂಜಿನಂಥ ಹೊದಿಕೆ ಇರುತ್ತದೆ. ಒಣಗಿದಾಗ ಅದು ಬೆಳ್ಳಿಯ ಬಣ್ಣ, ನೆನೆದಾಗ ಹಸಿರು. ಹಸಿರಿದ್ದಾಗ ನೀರು ಹಾಕಬೇಡ, ಬೆಳ್ಳಗಾದಾಗ ಹಾಕು. ವಾರಕ್ಕೆ ಎಷ್ಟು ಸಲ ಎಂದು ಕ್ಯಾಲೆಂಡರ್ ನೋಡಬೇಡ. ಮಳೆಗಾಲಕ್ಕೊಂದು ಲೆಕ್ಕ, ಬೇಸಿಗೆಗೊಂದು ಲೆಕ್ಕ. ಹಾಕುವಾಗ ಬೆಳಿಗ್ಗೆಯೇ ಹಾಕು. ಕುಂಡವನ್ನು ಹತ್ತು ನಿಮಿಷ ಬಕೆಟ್ಟಿನ ನೀರಿನಲ್ಲಿಟ್ಟು, ಎತ್ತಿ, ಪೂರ್ತಿ ಸೋರಲು ಬಿಡು. ಎಲೆಗಳು ಕೂಡುವ ನಡು ಸುಳಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಒತ್ತಿ ತೆಗೆ, ಇಲ್ಲವಾದರೆ ಸುಳಿ ಕೊಳೆಯುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು ಗಡಸು. ಬೇರಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಮಳೆ ಬಂದಾಗ ಬಾಲ್ಕನಿಯಲ್ಲಿ ಒಂದು ಬಕೆಟ್ ಇಟ್ಟುಕೋ.

ಗಿಡದ ಜೊತೆ ಬಂದ ಆ ಚೆಂದದ ಪಿಂಗಾಣಿ ಕುಂಡದ ತಳದಲ್ಲಿ ತೂತಿದೆಯಾ ನೋಡು. ಇಲ್ಲದಿದ್ದರೆ ಅದನ್ನು ಪೆನ್ನು ಇಡಲು ಬಳಸು. ಒಳಗಿನ ಪಾರದರ್ಶಕ ಪ್ಲಾಸ್ಟಿಕ್ ಕುಂಡವೇ ಒಳ್ಳೆಯದು, ಬೇರು ಕಾಣುತ್ತದೆ. ಎರಡು ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ, ಕುಂಡದೊಳಗಿನದೆಲ್ಲ ಬದಲಿಸು. ಮಣ್ಣು ಬೇಡವೇ ಬೇಡ. ತೆಂಗಿನಕಾಯಿ ಸಿಪ್ಪೆಯ ತುಂಡು, ಇದ್ದಿಲು, ಹೆಂಚಿನ ಚೂರು ಸಾಕು. ಸಿಪ್ಪೆಯನ್ನು ಒಂದೆರಡು ದಿನ ನೆನೆಸಿ, ಕಂದು ನೀರು ಚೆಲ್ಲಿ ಬಳಸು. ಮೆತ್ತಗಾದ ಬೇರು ಕತ್ತರಿಸು, ಗಟ್ಟಿ ಬೇರು ಮುಟ್ಟಬೇಡ. ಕತ್ತರಿಯನ್ನು ಮೊದಲು ಬೆಂಕಿಗೆ ಹಿಡಿ. ಒಂದು ಗಿಡದ ರೋಗ ಇನ್ನೊಂದಕ್ಕೆ ಕತ್ತರಿಯಿಂದಲೂ ಹೋಗುತ್ತದೆ.

ಹೂ ಬಿಟ್ಟಿದ್ದ ದಂಟು ಕಂದಾಗಿ ಒಣಗಿದ್ದರೆ ಬುಡದವರೆಗೆ ಕತ್ತರಿಸು. ಇನ್ನೂ ಹಸಿರಿದ್ದು, ಗಿಡದಲ್ಲಿ ನಾಲ್ಕೈದು ಗಟ್ಟಿ ಎಲೆಗಳಿದ್ದರೆ ಬುಡದಿಂದ ಎರಡೋ ಮೂರೋ ಗಿಣ್ಣು ಬಿಟ್ಟು ಮೇಲೆ ಕತ್ತರಿಸು; ಒಮ್ಮೊಮ್ಮೆ ಅಲ್ಲಿಂದಲೇ ಕವಲೊಡೆದು ಹೂ ಬರುತ್ತದೆ. ಗಿಡ ಸೊರಗಿದ್ದರೆ ಆ ಆಸೆ ಬೇಡ.

ಈಗ ಬೆಳಕು. ಎಲೆ ಕಡುಹಸಿರಾಗಿದ್ದರೆ ಆರೋಗ್ಯ ಎಂದು ಹಿಗ್ಗಬೇಡ, ಅದು ಬೆಳಕಿಗೆ ಹಸಿದ ಬಣ್ಣ. ಬಾಳೆಯ ಎಳೆ ಎಲೆಯಂಥ ತಿಳಿಹಸಿರು ಬರಬೇಕು. ಕೆಂಪು ಮಿಶ್ರವಾದರೆ ಬಿಸಿಲು ಹೆಚ್ಚಾಯಿತು ಎಂದರ್ಥ. ನಿನ್ನ ಪೂರ್ವದ ಕಿಟಕಿ ಸರಿಯಾದ ಜಾಗ. ಗೊಬ್ಬರ ಅಂದರೆ ಪೊಟ್ಟಣದ ಮೇಲೆ 19:19:19 ಎಂದಿರುವುದು, ಲೀಟರ್ ನೀರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ, ಅದೂ ಬೇರು ನೆನೆದ ಮೇಲೆ. ಹೆಚ್ಚು ಹಾಕಿದರೆ ಹೂ ಹೆಚ್ಚು ಬರುವುದಿಲ್ಲ, ಬೇರು ಸುಡುತ್ತದೆ.

ಇಷ್ಟೆಲ್ಲ ಮಾಡಿದರೂ ಬರೀ ಎಲೆ ಬರುತ್ತಿದೆ ಎಂದು ದೀಪಾವಳಿಯ ಹೊತ್ತಿಗೆ ನೀನು ಗೊಣಗುತ್ತೀಯ. ಗೊಣಗಬೇಡ. ಫೆಲನಾಪ್ಸಿಸ್ಸಿಗೆ ಹೂವಿನ ಸುದ್ದಿ ಮುಟ್ಟಿಸುವುದು ತಂಪು. 28 ಡಿಗ್ರಿ ಮೀರಿದ ಸೆಕೆಯಲ್ಲಿ ಅದು ಎಲೆಯನ್ನಷ್ಟೇ ಬೆಳೆಸುತ್ತದೆ. ಹಗಲು 25ರ ಆಸುಪಾಸು, ರಾತ್ರಿ 16ರಿಂದ 18 ಡಿಗ್ರಿ, ಹೀಗೆ ಕೆಲವು ವಾರ ಕಳೆದರೆ ದಂಟು ಹೊರಡುತ್ತದೆ. ಬೆಂಗಳೂರಿನ ಚಳಿ ಇದಕ್ಕೆ ಹೇಳಿ ಮಾಡಿಸಿದ್ದು. ಕಾರ್ತಿಕದಲ್ಲಿ ರಾತ್ರಿ ಕಿಟಕಿ ತೆರೆದಿಡು. ಮಂಗಳೂರಿನ ನಿನ್ನ ಚಿಕ್ಕಮ್ಮ ಎಷ್ಟು ಮಾಡಿದರೂ ಇದು ಹೂ ಬಿಡಲಿಲ್ಲ. ಅಲ್ಲಿಯ ಸೆಕೆಗೆ ಡೆಂಡ್ರೋಬಿಯಮ್ ಎಂಬ ಇನ್ನೊಂದು ಆರ್ಕಿಡ್ ನಗುನಗುತ್ತಾ ಬಂತು. ಅದರ ಎಲೆ ಉದುರಿದ ಹಳೆಯ ಕೋಲುಗಳನ್ನು ಒಣಕಲು ಎಂದು ಕತ್ತರಿಸಲು ಹೊರಟಿದ್ದಳು, ನಾನೇ ತಡೆದೆ. ಆಹಾರ, ನೀರು ಕೂಡಿಟ್ಟಿರುವುದು ಆ ಕೋಲಿನಲ್ಲೇ, ಕೆಲವೊಮ್ಮೆ ಹೂ ಬರುವುದೂ ಅದರಿಂದಲೇ.

ಎಲೆಯ ಬುಡದಿಂದ ಹೊಸ ಮೊನೆ ಕಂಡಾಗ ಹಿಗ್ಗುವ ಮೊದಲು ಸರಿಯಾಗಿ ನೋಡು. ದುಂಡಗೆ, ನುಣ್ಣಗೆ ಹೊಳೆದರೆ ಬೇರು. ಚಪ್ಪಟೆಯಾಗಿ, ಒಂದು ಪಕ್ಕಕ್ಕೆ ಚೂಪಾಗಿದ್ದರೆ ದಂಟು. ದಂಟಾದರೆ ಕುಂಡವನ್ನು ಅತ್ತಿತ್ತ ತಿರುಗಿಸಬೇಡ, ಅದು ಬೆಳಕಿನ ದಿಕ್ಕು ಹಿಡಿದು ಹೊರಟಿರುತ್ತದೆ. ಹೂ ಅರಳಲು ಇನ್ನೂ ಎರಡು ಮೂರು ತಿಂಗಳು ಬೇಕು. ಮೊಗ್ಗು ಬಂದಮೇಲೆ ಗಿಡವನ್ನು ಬಾಳೆಗೊನೆ, ಮಾವಿನ ಬುಟ್ಟಿಯ ಹತ್ತಿರ ಇಡಬೇಡ; ಹಣ್ಣಾಗುವಾಗ ಹೊರಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಉದುರಿಹೋಗುತ್ತದೆ.

ಇನ್ನೊಂದು ಮಾತು. ಊರಿಗೆ ಬಂದಾಗ ಹುಮ್ಮಸ್ಸಿನಲ್ಲಿ ಕಾಡಿನಿಂದ ಸೀತಾಳೆ ಕಿತ್ತು ಒಯ್ಯಬೇಡ. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿಯೇ ಇಲ್ಲ. ಸರಿಯಾದ ಶಿಲೀಂಧ್ರದ ನೆರವು ಸಿಕ್ಕರೆ ಮಾತ್ರ ಮೊಳೆಯುತ್ತದೆ. ಹಾಗೆ ಬದುಕಿದ ಒಂದು ಗಿಡ ಅದರ ಮರದ ಮೇಲೆಯೇ ಇರಲಿ.

ಹೂ ಅರಳಿದರೆ ನೀನು ಫೋಟೊ ಕಳಿಸಿಯೇ ಕಳಿಸುತ್ತೀಯ, ಗೊತ್ತು. ನನಗೆ ಅದಕ್ಕೆ ಅವಸರವಿಲ್ಲ. ನಾಳೆ ಬೆಳಿಗ್ಗೆ ಕುಂಡವನ್ನು ಕಿಟಕಿಗೆ ಹಿಡಿದು ಬೇರಿನ ಫೋಟೊ ಕಳಿಸು.

ನಿನ್ನ ಅಜ್ಜಿ